ಉತ್ತಮಪುರುಷದ ಬೇಟೆ: ಗಣಕದ ಹಳೆಯ ಬಂದೂಕಿನಾಟಗಳ ಹಳಹಳಿಕೆ ಹಾಗೂ ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಕಥನ ಪರಂಪರೆ

1. ಪ್ರವೇಶ

2004ರ ಬೇಸಗೆಯಲ್ಲಿ ನಾನು ಸಂಶೋಧನ ವಿದ್ಯಾರ್ಥಿಯಾಗಿ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಗಳಲ್ಲಿ ಕ್ಷೇತ್ರಕಾರ್ಯ ಮಾಡುತ್ತಿದ್ದೆ. ಹಗಲು ಹಟ್ಟಿಯ ಹಿರಿಯರಿಂದ ಜುಂಜಪ್ಪನ ಪದಗಳನ್ನು ಕೇಳಿ ಧ್ವನಿಸುರುಳಿಗೆ ತುಂಬಿಕೊಳ್ಳುವುದು, ಸಂಜೆ ಪಟ್ಟಣಕ್ಕೆ ಮರಳಿ ಬಸ್ ನಿಲ್ದಾಣದ ಬಳಿಯ ಡಿ.ಟಿ.ಪಿ. ಅಂಗಡಿಯಲ್ಲಿ ಅವುಗಳ ಪಠ್ಯವನ್ನು ಬೆರಳಚ್ಚು ಮಾಡಿಸುವುದು ನನ್ನ ದಿನಚರಿಯಾಗಿತ್ತು. ಆ ಅಂಗಡಿಯಲ್ಲಿ ನಾಲ್ಕು ಗಣಕಯಂತ್ರಗಳಿದ್ದವು. ಒಂದರಲ್ಲಿ ನನ್ನ ಕೆಲಸ ನಡೆಯುತ್ತಿತ್ತು. ಉಳಿದ ಮೂರನ್ನು ಗಂಟೆಯ ಲೆಕ್ಕದಲ್ಲಿ ಹುಡುಗರಿಗೆ ಬಾಡಿಗೆಗೆ ಬಿಡಲಾಗುತ್ತಿತ್ತು. ಊರಿನವರು ಅದನ್ನು ‘ಸೈಬರ್’ ಎಂದೇ ಕರೆಯುತ್ತಿದ್ದರು. ಒಬ್ಬ ಹುಡುಗ ಕುರ್ಚಿಯಲ್ಲಿ ಕುಳಿತು ಬಂದೂಕಿನ ಆಟ ಆಡುವನು; ಐದಾರು ಮಂದಿ ಅವನ ಬೆನ್ನ ಹಿಂದೆ ನಿಂತು, ಎಲ್ಲಿ ಬಾಗಬೇಕು, ಯಾವ ಮೂಲೆಯಲ್ಲಿ ಕಾವಲುಗಾರನಿದ್ದಾನೆ ಎಂದು ಕೂಗಿ ಹೇಳುವರು. ಆ ಗದ್ದಲದಿಂದ ಬೇಸತ್ತು, ಸದ್ದು ಕಡಿಮೆ ಮಾಡಿಸುವಂತೆ ಅಂಗಡಿಯವರನ್ನು ನಾನು ಅನೇಕ ಬಾರಿ ಕೇಳಿಕೊಂಡದ್ದುಂಟು.

ಆ ವರ್ಷ ಹತ್ತಾರು ಧ್ವನಿಸುರುಳಿಗಳು ತುಂಬಿದವು. ಅವುಗಳಲ್ಲಿ ಒಂದರಲ್ಲಿಯೂ ಆ ಹುಡುಗರ ಮಾತಿಲ್ಲ. ಜಾನಪದ ಅಧ್ಯಯನಕ್ಕೆಂದು ಬಂದವರು ನಮ್ಮ ಬೆನ್ನ ಹಿಂದೆಯೇ ನಡೆಯುತ್ತಿದ್ದ ಕಥನವನ್ನು ಗದ್ದಲವೆಂದು ತಿಳಿದೆವು. ಇಂದು ಆ ಅಂಗಡಿಯಿಲ್ಲ; ಆ ಹುಡುಗರು ನಲವತ್ತರ ಆಸುಪಾಸಿನ ಗೃಹಸ್ಥರಾಗಿದ್ದಾರೆ. ಅವರಲ್ಲಿ ಕೆಲವರನ್ನು ಈಚೆಗೆ ಮತ್ತೆ ಭೇಟಿಯಾದಾಗ ಆ ಆಟಗಳ ನೆನಪು ಅವರ ಮಾತಿನಲ್ಲಿ ಎಷ್ಟು ಕ್ರಮಬದ್ಧವಾಗಿ, ಎಷ್ಟು ಹಂಬಲದಿಂದ ಹೊರಬರುತ್ತದೆ ಎಂಬುದನ್ನು ಕಂಡು ನನಗೆ ಅಚ್ಚರಿಯಾಯಿತು. ಆ ಹಂಬಲದ ಸ್ವರೂಪವೇನು, ಆಟಗಳ ಮುಂದಿನ ಭಾಗಗಳು ಬಂದರೂ ಅದು ಏಕೆ ತೀರಲಿಲ್ಲ, ಈ ಸೀಮೆಯ ಕಥನ ಪರಂಪರೆಯ ಬೆಳಕಿನಲ್ಲಿ ಅದನ್ನು ಹೇಗೆ ಅರ್ಥೈಸಬಹುದು ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

2. ಹೆಸರಿನ ವಿಚಾರ

ಈ ಬಗೆಯ ಆಟಗಳನ್ನು ಇಂಗ್ಲಿಷಿನಲ್ಲಿ ‘ಫಸ್ಟ್ ಪರ್ಸನ್ ಶೂಟರ್’ ಎನ್ನುತ್ತಾರೆ. ಇದನ್ನು ‘ಪ್ರಥಮಪುರುಷ’ ಎಂದು ಅನುವಾದಿಸಿದರೆ ನಮ್ಮ ವ್ಯಾಕರಣದ ಪ್ರಕಾರ ತಪ್ಪಾಗುತ್ತದೆ. ಕನ್ನಡ ವ್ಯಾಕರಣದಲ್ಲಿ ‘ಅವನು’ ಪ್ರಥಮಪುರುಷ, ‘ನೀನು’ ಮಧ್ಯಮಪುರುಷ, ‘ನಾನು’ ಉತ್ತಮಪುರುಷ. ಆದ್ದರಿಂದ ಇವು ಉತ್ತಮಪುರುಷದ ಬಂದೂಕಿನಾಟಗಳು. ಪರದೆಯ ಮೇಲೆ ನಾಯಕನ ಮುಖ ಕಾಣುವುದಿಲ್ಲ. ಕೆಳಗೆ ಒಂದು ಕೈ, ಅದರಲ್ಲೊಂದು ಬಂದೂಕು, ಎದುರಿಗೆ ದಾರಿ, ಇಷ್ಟೇ ಕಾಣುತ್ತದೆ. ನೋಡುವ ಕಣ್ಣು ಆಡುವವನದೇ ಆಗಿರುತ್ತದೆ.

ಜನಪದ ಕಥನದಲ್ಲಿ ‘ಪುರುಷ’ದ ಈ ಬದಲಾವಣೆ ಹೊಸದಲ್ಲ. ಕಾವ್ಯ ಹಾಡುವವನು ವೀರನನ್ನು ಸಾಮಾನ್ಯವಾಗಿ ‘ಅವನು’ ಎಂದೇ ಹಾಡುತ್ತಾನೆ. ಪೂಜಾರಿಯ ಮೈಮೇಲೆ ದೇವರು ಬಂದಾಗ ಅದೇ ವೀರ ‘ನಾನು’ ಎಂದು ಮಾತನಾಡತೊಡಗುತ್ತಾನೆ. ಬೇಟೆಯ ಅನುಭವ ಹೇಳುವ ಮುದುಕರಲ್ಲಿ ಮೂರನೆಯ ಬಗೆಯೊಂದನ್ನು ಕಾಣಬಹುದು. ‘ನಾವು ಬಲೆ ಕಟ್ಟಿದೆವು, ನಾವು ಸೋವಿದೆವು’ ಎಂದು ಬಹುವಚನದಲ್ಲಿ ಸಾಗುವ ಮಾತು, ಗುರಿಯಿಡುವ ಗಳಿಗೆಯಲ್ಲಿ ಮಾತ್ರ ‘ನಾನು’ ಎಂಬ ಏಕವಚನಕ್ಕೆ ತಿರುಗಿ, ಮಾಂಸವನ್ನು ಪಾಲು ಹಾಕುವ ಹೊತ್ತಿಗೆ ಮತ್ತೆ ‘ನಾವು’ ಆಗುತ್ತದೆ. ಈ ಏಕವಚನ–ಬಹುವಚನಗಳ ಅಂತರವನ್ನು ಗಮನದಲ್ಲಿಟ್ಟುಕೊಂಡರೆ ಮುಂದಿನ ಚರ್ಚೆ ಸುಲಭವಾಗುತ್ತದೆ.

3. ಆಟಗಳ ಚರಿತ್ರೆ: ಮೂಲಪಾಠವೂ ಪಾಠಾಂತರಗಳೂ

ಈ ಪ್ರಕಾರವನ್ನು ಜನಪ್ರಿಯಗೊಳಿಸಿದ ಕೃತಿ 1992ರಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ತಂಡ ಹೊರತಂದ ‘ವುಲ್ಫೆನ್‌ಸ್ಟೈನ್ 3ಡಿ’. ಅದು ಸ್ವತಃ ಒಂದು ಮರುಕಥನವಾಗಿತ್ತೆಂಬುದು ಜಾನಪದ ವಿದ್ಯಾರ್ಥಿಗೆ ಮುಖ್ಯ. 1981ರಲ್ಲಿ ಸೈಲಸ್ ವಾರ್ನರ್ ರಚಿಸಿದ ‘ಕ್ಯಾಸಲ್ ವುಲ್ಫೆನ್‌ಸ್ಟೈನ್’ ಆಟದಲ್ಲಿ ಸೆರೆಯಿಂದ ತಪ್ಪಿಸಿಕೊಳ್ಳುವ ನಾಯಕನ ಪುಟ್ಟ ಆಕೃತಿಯನ್ನು ಹೊರಗಿನಿಂದ ನೋಡಬೇಕಾಗಿತ್ತು. ಹನ್ನೊಂದು ವರ್ಷಗಳ ಬಳಿಕ ಅದೇ ವಸ್ತುವನ್ನು ಮತ್ತೊಂದು ತಂಡ ಎತ್ತಿಕೊಂಡು ‘ಅವನು’ ಎಂಬುದನ್ನು ‘ನಾನು’ ಮಾಡಿತು. ಕಥೆ ಹಳೆಯದು, ಪುರುಷ ಮಾತ್ರ ಹೊಸದು.

1993ರ ಡಿಸೆಂಬರ್ 10ರಂದು ಅದೇ ತಂಡದ ‘ಡೂಮ್’ ಬಂದಿತು. ಮೂರು ಕಾಂಡಗಳ ಈ ಆಟದ ಮೊದಲ ಕಾಂಡವನ್ನು ಯಾರು ಬೇಕಾದರೂ ಉಚಿತವಾಗಿ ಪಡೆದು, ಇತರರಿಗೆ ಹಂಚಬಹುದಾಗಿತ್ತು. ಆಟದ ನಕ್ಷೆ, ಚಿತ್ರ, ಧ್ವನಿಗಳನ್ನು ಮೂಲ ಯಂತ್ರಭಾಗದಿಂದ ಬೇರ್ಪಡಿಸಿ ಇರಿಸಿದ್ದರಿಂದ ಆಡುವವರು ತಮ್ಮದೇ ನಕ್ಷೆಗಳನ್ನು ಸೇರಿಸಬಲ್ಲವರಾದರು. 1997ರ ಡಿಸೆಂಬರಿನಲ್ಲಿ ಅದರ ಮೂಲ ಸಂಕೇತಗಳನ್ನೇ ಸಾರ್ವಜನಿಕಗೊಳಿಸಲಾಯಿತು. ಮೂರು ದಶಕಗಳ ನಂತರವೂ ಹೊಸ ಯಂತ್ರಗಳಲ್ಲಿ ‘ಡೂಮ್’ ಓಡುತ್ತಿರುವುದಕ್ಕೆ, ಅದಕ್ಕೆ ಹೊಸ ಹೊಸ ನಕ್ಷೆಗಳು ಹುಟ್ಟುತ್ತಿರುವುದಕ್ಕೆ ಈ ತೆರೆದ ಸ್ವಭಾವವೇ ಕಾರಣ. ಮೌಖಿಕ ಕಾವ್ಯವೊಂದು ಉಳಿಯುವ ಬಗೆಯೂ ಇದೇ ಆಗಿದೆ. ಅದನ್ನು ಹಾಡಬಲ್ಲವರೆಲ್ಲ ಅದರ ಒಡೆಯರು. ಹಾಡಿದಾಗಲೆಲ್ಲ ಅದು ಸ್ವಲ್ಪ ಬದಲಾಗುತ್ತದೆ.

1996ರ ‘ಕ್ವೇಕ್’, 1998ರ ‘ಹಾಫ್-ಲೈಫ್’ ಮುಂದಿನ ಮೈಲಿಗಲ್ಲುಗಳು. ‘ಹಾಫ್-ಲೈಫ್’ ಆಟದ ನಾಯಕ ಗಾರ್ಡನ್ ಫ್ರೀಮನ್ ಒಂದು ಮಾತನ್ನೂ ಆಡುವುದಿಲ್ಲ. ಕಥೆಯೆಲ್ಲವೂ ಅವನ ಕಣ್ಣಿನಿಂದಲೇ ಕಾಣುತ್ತದೆ. ಮಾತನ್ನು ಆಡುವವನೇ ತುಂಬಿಕೊಳ್ಳಬೇಕು. ಈ ಆಟವನ್ನು ಆಧಾರವಾಗಿಟ್ಟುಕೊಂಡು ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ತರುಣರು 1999ರಲ್ಲಿ ‘ಕೌಂಟರ್-ಸ್ಟ್ರೈಕ್’ ಎಂಬ ಪಾಠಾಂತರವನ್ನು ರೂಪಿಸಿದರು. ಮೂಲ ಆಟದ ಒಡೆಯರಾದ ವಾಲ್ವ್ ಸಂಸ್ಥೆಯವರು ಅದನ್ನು ತಮ್ಮದಾಗಿಸಿಕೊಂಡು 2000ದಲ್ಲಿ ಮಾರಾಟಕ್ಕೆ ತಂದರು. ಕಾಲಕ್ರಮದಲ್ಲಿ ಮೂಲಕ್ಕಿಂತಲೂ ಪಾಠಾಂತರವೇ ಹೆಚ್ಚು ಜನರನ್ನು ಮುಟ್ಟಿತು. ಹೀಗೆ, ಅತ್ಯಾಧುನಿಕ ಉದ್ಯಮದ ಸರಕೆಂದು ನಾವು ತಿಳಿದಿರುವ ಈ ಆಟಗಳ ಚರಿತ್ರೆಯಲ್ಲಿ ಎರವಲು, ಮರುಕಥನ, ಪಾಠಾಂತರ ಎಂಬ ಜಾನಪದ ಪ್ರಕ್ರಿಯೆಗಳು ಉದ್ದಕ್ಕೂ ಕೆಲಸ ಮಾಡಿವೆ. ಒಂದಾದರೂ ಸಮಾನ ಅಂಶದಿಂದ ಬೆಸೆದುಕೊಂಡ ಯಾವುದೇ ಗುಂಪು ‘ಜನಪದ’ವೇ ಎಂದು ಅಲನ್ ಡಂಡೆಸ್ ಮಾಡಿದ ವ್ಯಾಖ್ಯೆಯನ್ನು ಒಪ್ಪುವುದಾದರೆ, ಸೈಬರಿನ ಹುಡುಗರನ್ನು ನಮ್ಮ ಅಧ್ಯಯನದಿಂದ ಹೊರಗಿಡಲು ಯಾವ ಕಾರಣವೂ ಉಳಿಯುವುದಿಲ್ಲ.

4. ಸೀಮೆಗೆ ಬಂದ ಆಟ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ಚಿತ್ರದುರ್ಗ ಜಿಲ್ಲೆಯ ಬರಸೀಮೆಯ ತಾಲ್ಲೂಕುಗಳು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಸೇರಿದವು. ಚಳ್ಳಕೆರೆ ಶೇಂಗಾ ಎಣ್ಣೆಯ ಗಿರಣಿಗಳಿಗೂ ಕಂಬಳಿಗೂ, ಮೊಳಕಾಲ್ಮೂರು ರೇಷ್ಮೆ ಸೀರೆಗೂ ಹೆಸರಾಗಿವೆ. ಮ್ಯಾಸಬೇಡರು, ಕಾಡುಗೊಲ್ಲರು, ಕುರುಬರು ಇಲ್ಲಿನ ಪ್ರಮುಖ ಪಶುಪಾಲಕ ಸಮುದಾಯಗಳು. ಮ್ಯಾಸಬೇಡರ ಅನೇಕ ಮನೆಗಳಲ್ಲಿ ತೆಲುಗು ಮನೆಮಾತು. ಗಾದ್ರಿಪಾಲನಾಯಕ, ಜಗಳೂರು ಪಾಪನಾಯಕ, ಜುಂಜಪ್ಪ, ಎತ್ತಪ್ಪ ಮೊದಲಾದ ಸಾಂಸ್ಕೃತಿಕ ವೀರರ ಕಥನಗಳು ಈ ಸೀಮೆಯಲ್ಲಿ ಇಂದಿಗೂ ಜೀವಂತವಾಗಿವೆ. ಕೃಷ್ಣಮೂರ್ತಿ ಹನೂರು ಅವರಂತಹ ವಿದ್ವಾಂಸರು ಇಲ್ಲಿನ ಹಟ್ಟಿಗಳಲ್ಲಿ ಅಲೆದು ಈ ಸಂಪತ್ತನ್ನು ಸಂಗ್ರಹಿಸಿದ್ದರಿಂದಲೇ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯಂತಹ ಮಹಾನ್ ಗಾಯಕಿ ನಾಡಿಗೆ ಪರಿಚಿತಳಾದಳು.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು. 1998ರಲ್ಲಿ ಖಾಸಗಿಯವರಿಗೂ ಈ ಕ್ಷೇತ್ರ ತೆರೆದುಕೊಂಡ ಮೇಲೆ ಸೈಬರ್ ಅಂಗಡಿಗಳು ಸಣ್ಣ ಪಟ್ಟಣಗಳಿಗೂ ಬಂದವು. ಹೆಸರಿಗೆ ಅಂತರಜಾಲವಿದ್ದರೂ ಸಂಪರ್ಕ ನಿಧಾನವಾಗಿದ್ದುದರಿಂದ ಹುಡುಗರ ಹೊತ್ತು ಹೆಚ್ಚಾಗಿ ಹೋಗುತ್ತಿದ್ದುದು ನಕಲು ಸಿ.ಡಿ.ಗಳಲ್ಲಿ ಬಂದ ಆಟಗಳಲ್ಲಿ. ದೇಶದ ಇತರೆಡೆಗಳಂತೆ ಇಲ್ಲಿಯೂ ಎರಡು ಆಟಗಳು ರಾಜ್ಯವಾಳಿದವು. ಒಂದು ‘ಕೌಂಟರ್-ಸ್ಟ್ರೈಕ್’, ಇನ್ನೊಂದು ‘ಪ್ರಾಜೆಕ್ಟ್ ಐ.ಜಿ.ಐ.’. ಎರಡನೆಯದನ್ನು ನಾರ್ವೆ ದೇಶದ ಇನ್ನರ್‌ಲೂಪ್ ಸ್ಟುಡಿಯೋಸ್ ರಚಿಸಿತು; ಅದು 2000ದ ಡಿಸೆಂಬರಿನಲ್ಲಿ ಹೊರಬಂದಿತು. ಈ ಆಟ ಭಾರತದ ಒಂದು ತಲೆಮಾರಿಗೆ ಪುರಾಣವಾಯಿತು.

‘ಐ.ಜಿ.ಐ.’ ಆಟದ ನಾಯಕ ಡೇವಿಡ್ ಜೋನ್ಸ್ ಎಂಬ ಒಂಟಿ ಯೋಧ. ಬೇಲಿ ಹಾಕಿದ ಸೇನಾ ನೆಲೆಗಳೊಳಗೆ ಗುಟ್ಟಾಗಿ ನುಸುಳುವುದು ಅವನ ಕೆಲಸ. ಈ ಆಟದ ಯಂತ್ರಭಾಗವನ್ನು ಅದೇ ಸಂಸ್ಥೆ ಮೊದಲು ಯುದ್ಧವಿಮಾನದ ಆಟವೊಂದಕ್ಕಾಗಿ ಸಿದ್ಧಪಡಿಸಿತ್ತು. ಆ ಕಾಲದ ಇತರ ಆಟಗಳು ಓಣಿ–ಕೋಣೆಗಳಲ್ಲಿ ನಡೆಯುತ್ತಿದ್ದರೆ, ಇದರಲ್ಲಿ ಕಣ್ಣು ಹಾಯುವಷ್ಟು ದೂರ ಬೋಳುಗುಡ್ಡ, ಬಯಲುಗಳು ಹರಡಿಕೊಂಡಿದ್ದುದಕ್ಕೆ ಇದೇ ಕಾರಣ. ಗುಡ್ಡದ ತುದಿಯಲ್ಲಿ ಮಲಗಿ, ದುರ್ಬೀನಿನಿಂದ ಕೆಳಗಿನ ಕಾವಲುಗಾರರ ನಡಿಗೆಯನ್ನು ಎಣಿಸಿ, ಅವರು ಬೆನ್ನು ತಿರುಗಿಸಿದಾಗ ಇಳಿಯಬೇಕು. ಎಚ್ಚರಿಕೆಯ ಗಂಟೆ ಮೊಳಗಿದರೆ ಬಿಡಾರದಿಂದ ಇನ್ನಷ್ಟು ಸಿಪಾಯಿಗಳು ಹೊರಬರುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಅದರ ಒಂದು ಕೊರತೆ. ಒಟ್ಟು ಹದಿನಾಲ್ಕು ಸಾಹಸಗಳ ಈ ಆಟದಲ್ಲಿ, ಒಂದು ಸಾಹಸದ ನಡುವೆ ಆಟವನ್ನು ಉಳಿಸಿಡಲು, ಅಂದರೆ ‘ಸೇವ್’ ಮಾಡಲು, ಅವಕಾಶವಿರಲಿಲ್ಲ. ಕೊನೆಯ ಬಾಗಿಲಿನಲ್ಲಿ ಸತ್ತರೂ ಮೊದಲಿನಿಂದ ಆರಂಭಿಸಬೇಕಾಗಿತ್ತು. ಒಂದು ಹೊತ್ತಿಗೆ ಒಬ್ಬರು ಮಾತ್ರ ಆಡಬಹುದಾಗಿತ್ತು. ವಿಮರ್ಶಕರು ಇವೆರಡನ್ನೂ ದೋಷಗಳೆಂದು ಆಗಲೇ ಎತ್ತಿ ತೋರಿಸಿದ್ದರು. ಚಳ್ಳಕೆರೆಯ ಅಂಗಡಿಯಲ್ಲಿ ಈ ದೋಷಗಳೇ ಒಂದು ಗುಂಪನ್ನು ಕಟ್ಟಿದವು. ಯಂತ್ರ ನೆನಪಿಟ್ಟುಕೊಳ್ಳದ್ದನ್ನು ಮನುಷ್ಯರು ನೆನಪಿಟ್ಟುಕೊಳ್ಳಬೇಕಾಯಿತು. ಯಾವ ಗೋಪುರದಲ್ಲಿ ಗುರಿಕಾರನಿದ್ದಾನೆ, ಯಾವ ಕ್ಯಾಮೆರಾ ಯಾವ ಕಡೆ ತಿರುಗುತ್ತದೆ ಎಂಬುದನ್ನು ಒಬ್ಬೊಬ್ಬ ಹುಡುಗ ಒಂದೊಂದಾಗಿ ನೆನಪಿನಲ್ಲಿ ಹೊತ್ತಿದ್ದ. ಕುರ್ಚಿಯಲ್ಲಿ ಕುಳಿತವನ ಕೈಗೆ ಹಿಂದೆ ನಿಂತವರ ನೆನಪು ಬೇಕೇ ಬೇಕಾಗಿತ್ತು. ಬಾಡಿಗೆಯ ಹಣವನ್ನೂ ಹೀಗೆಯೇ ಕೂಡಿಹಾಕುತ್ತಿದ್ದರು. ಆಟದ ಗುಪ್ತ ಸಂಕೇತಪದಗಳನ್ನು, ಅಂದರೆ ‘ಕೋಡು’ಗಳನ್ನು, ಮಂತ್ರದಂತೆ ಆಪ್ತರಿಗೆ ಮಾತ್ರ ಹೇಳಿಕೊಡುತ್ತಿದ್ದರು.

ಈ ನೆನಪುಗಳನ್ನು ಅವರು ಇಂದು ಹೇಳುವ ಕ್ರಮವನ್ನು ಗಮನಿಸಬೇಕು. ಎಣ್ಣೆಗಿರಣಿಯ ಕೆಲಸಗಾರರ ಮಗನೊಬ್ಬ, ಮೊಳಕಾಲ್ಮೂರಿನ ಮಗ್ಗದ ಮನೆಯವನೊಬ್ಬ, ಹಟ್ಟಿಯಿಂದ ಬಂದು ವಿದ್ಯಾರ್ಥಿನಿಲಯದಲ್ಲಿದ್ದವನೊಬ್ಬ, ಹೀಗೆ ಮೂವರನ್ನು ಬೇರೆ ಬೇರೆಯಾಗಿ ಮಾತನಾಡಿಸಿದೆ. ಮೂವರೂ ರೈಲು ಅಂಗಳದ ಮೊದಲ ಸಾಹಸದಿಂದಲೇ ಆರಂಭಿಸಿದರು. ದಾರಿಯ ಗುರುತುಗಳನ್ನು ಒಂದಾದ ಮೇಲೊಂದರಂತೆ ಹೇಳಿದರು. ‘ನಾವು ಬೇಲಿ ದಾಟಿದೆವು’ ಎಂದು ಬಹುವಚನದಲ್ಲಿ ಮಾತು ಸಾಗಿ, ಗುಂಡು ಹಾರಿಸುವಲ್ಲಿ ಮಾತ್ರ ‘ನಾನು’ ಬರುತ್ತಿತ್ತು. ಹಟ್ಟಿಯಿಂದ ಬಂದವನಿಗೆ ಕನ್ನಡದಲ್ಲಿ ಆರಂಭಿಸಿದ ಮಾತು ಉತ್ಸಾಹ ಏರಿದಂತೆ ಅರಿವಿಲ್ಲದೆ ತೆಲುಗಿಗೆ ಹೊರಳಿತು. ಇದು ಬೇಟೆಯ ಕಥನದ ರೀತಿ. ಯುಗಾದಿಯ ಮರುದಿನ ಬೇಟೆಗೆ ಹೊರಡುವ ಪದ್ಧತಿ ಬಯಲುಸೀಮೆಯ ಅನೇಕ ಊರುಗಳಲ್ಲಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆ ಕ್ರಮೇಣ ನಿಂತು, ಆಚರಣೆಯ ಸಂಕೇತವಾಗಿ ಹಾಗೂ ಮುದುಕರ ಮಾತಾಗಿ ಉಳಿಯಿತು. ಆ ಮಾತಿನ ಅಚ್ಚು ಮೊಮ್ಮಕ್ಕಳಿಗೆ ಬಂದಿತ್ತು. ಅದರಲ್ಲಿ ಎರೆಯಲು ಅವರಿಗೆ ಸಿಕ್ಕ ಲೋಹವೆಂದರೆ ನಾರ್ವೆಯ ಈ ಆಟ.

5. ಮುಂದಿನ ಭಾಗಗಳು ಮತ್ತು ಹಳಹಳಿಕೆ

ಗತದ ಹಂಬಲಕ್ಕೆ ‘ಹಳಹಳಿಕೆ’ ಎಂಬ ಒಳ್ಳೆಯ ಕನ್ನಡ ಪದವಿದೆ. ಇದಕ್ಕೆ ಸಂವಾದಿಯಾದ ‘ನಾಸ್ಟಾಲ್ಜಿಯಾ’ ಎಂಬ ಪದವನ್ನು 1688ರಲ್ಲಿ ಯೊಹಾನ್ನೆಸ್ ಹೋಫರ್ ಎಂಬ ಸ್ವಿಸ್ ವೈದ್ಯವಿದ್ಯಾರ್ಥಿ ರಚಿಸಿದನು. ಮನೆಗೆ ಮರಳುವುದು ಮತ್ತು ನೋವು ಎಂಬರ್ಥದ ಎರಡು ಗ್ರೀಕ್ ಪದಗಳನ್ನು ಜೋಡಿಸಿ, ದೂರದೇಶದಲ್ಲಿದ್ದ ಸ್ವಿಸ್ ಜನರ ಮನೆಹಂಬಲವನ್ನು ಅವನು ಒಂದು ಕಾಯಿಲೆಯಾಗಿ ವರ್ಣಿಸಿದನು. ಸ್ವೆಟ್ಲಾನಾ ಬೋಯ್ಮ್ 2001ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಹಳಹಳಿಕೆಯನ್ನು ಎರಡಾಗಿ ವಿಂಗಡಿಸುತ್ತಾರೆ. ಕಳೆದುಹೋದ ಮನೆಯನ್ನು ಮತ್ತೆ ಕಟ್ಟಲು ಹೊರಡುವುದು ಒಂದು; ಕಳೆದುಹೋಯಿತೆಂಬುದನ್ನು ಒಪ್ಪಿಕೊಂಡು ಆ ಹಂಬಲದಲ್ಲಿಯೇ ನಿಂತು ಯೋಚಿಸುವುದು ಇನ್ನೊಂದು.

ಆಟಗಳ ಉದ್ಯಮ ಮೊದಲನೆಯ ಬಗೆಯದನ್ನು ಚೆನ್ನಾಗಿ ಬಲ್ಲದು. ‘ಡೂಮ್’ 2016ರಲ್ಲಿ, 2020ರಲ್ಲಿ, 2025ರಲ್ಲಿ ಮತ್ತೆ ಮತ್ತೆ ಬಂದಿದೆ. ಮೂಲ ಆಟದ ಕರ್ತೃಗಳಲ್ಲಿ ಒಬ್ಬರಾದ ಜಾನ್ ರೊಮೆರೊ 2019ರಲ್ಲಿ ‘ಸಿಜಿಲ್’ ಎಂಬ ಹೊಸ ಕಾಂಡವನ್ನು, ಆಟಕ್ಕೆ ಮೂವತ್ತು ವರ್ಷ ತುಂಬಿದ 2023ರ ಡಿಸೆಂಬರಿನಲ್ಲಿ ಅದರ ಮುಂದುವರಿಕೆಯನ್ನು ಹಳೆಯ ಯಂತ್ರಭಾಗಕ್ಕೇ ಸೇರಿಸಿದರು. ‘ಹಾಫ್-ಲೈಫ್’ ಸರಣಿಯ ಪಾಡು ಬೇರೆ. 2007ರಲ್ಲಿ ಬಂದ ಎರಡನೆಯ ಉಪಕಾಂಡ ದುಃಖದ ಗಳಿಗೆಯಲ್ಲಿ ಅರ್ಧಕ್ಕೆ ನಿಂತಿತು. 2020ರ ‘ಅಲಿಕ್ಸ್’ ಹಿಂದಿನ ಕಾಲದ ಕಥೆಗೆ ತಿರುಗಿತು. ಹಾಡುಗಾರ ಎದ್ದುಹೋದ ಮೇಲೂ ಬೆಳಗಿನವರೆಗೆ ಕುಳಿತಿರುವ ಕೇಳುಗರಂತೆ ಆಟಗಾರರು ಕಾಯುತ್ತಲೇ ಇದ್ದಾರೆ. ‘ಕೌಂಟರ್-ಸ್ಟ್ರೈಕ್’ 2004, 2012, 2023ರಲ್ಲಿ ಹೊಸ ರೂಪಗಳನ್ನು ತಳೆಯಿತು. ಆದರೂ 2001ರಲ್ಲಿ ಡೇವ್ ಜಾನ್‌ಸ್ಟನ್ ರಚಿಸಿದ ‘ಡಸ್ಟ್ 2’ ಎಂಬ ಮರಳುಬಣ್ಣದ ಊರಿನ ನಕ್ಷೆಯನ್ನು ಮಾತ್ರ ಬಿಡಲಿಲ್ಲ. ಬಂದೂಕು ಬದಲಾಗಬಹುದು, ಬೆಳಕು ಬದಲಾಗಬಹುದು. ಆ ಎರಡು ಬಾಗಿಲು, ಆ ಓಣಿ ಇದ್ದಲ್ಲೇ ಇರಬೇಕು. ನಮ್ಮ ಮೌಖಿಕ ಕಾವ್ಯಗಳಲ್ಲಿಯೂ ಹಾಡುಗಾರ ಏನನ್ನು ಬದಲಿಸಿದರೂ ವೀರ ನಡೆದ ಹಾದಿಯ ಸ್ಥಳನಾಮಗಳನ್ನು ಬದಲಿಸುವುದಿಲ್ಲ.

‘ಐ.ಜಿ.ಐ.’ ಆಟದ ಎರಡನೆಯ ಭಾಗ ‘ಕೋವರ್ಟ್ ಸ್ಟ್ರೈಕ್’ 2003ರಲ್ಲಿ ಬಂದಿತು. ಮೊದಲನೆಯದರ ಕೊರತೆಗಳನ್ನು ಅದು ಶ್ರದ್ಧೆಯಿಂದ ತುಂಬಿಕೊಟ್ಟಿತು. ಸಾಹಸಗಳ ಸಂಖ್ಯೆ ಹೆಚ್ಚಿತು, ಚಿತ್ರಗಳು ಉತ್ತಮಗೊಂಡವು. ಸಾಹಸದ ನಡುವೆ ಕೆಲವು ಬಾರಿ ‘ಸೇವ್’ ಮಾಡುವ ಅವಕಾಶ ಬಂದಿತು. ಬೇರೆ ಬೇರೆ ಯಂತ್ರಗಳಲ್ಲಿ ಕುಳಿತು ಹಲವರು ಕೂಡಿ ಆಡುವುದೂ ಸಾಧ್ಯವಾಯಿತು. ಅದೇ ವರ್ಷ ಇನ್ನರ್‌ಲೂಪ್ ಮುಚ್ಚಿತು. 2019ರಲ್ಲಿ ಮತ್ತೊಂದು ಸಂಸ್ಥೆ ಇದರ ಪೂರ್ವಕಥೆಯನ್ನು ಸಾರಿತಾದರೂ ಅದು ಹೊರಬರಲೇ ಇಲ್ಲ.

ಎರಡನೆಯ ಭಾಗದ ಬಗ್ಗೆ ನಾನು ಕೇಳಿದಾಗ ಮೂವರೂ ಅದು ಒಳ್ಳೆಯ ಆಟವೆಂದು ಒಪ್ಪಿದರು. ಆದರೆ ಅದರ ಕಥೆ ಹೇಳಲು ಯಾರಿಗೂ ಬರಲಿಲ್ಲ. ಮಗ್ಗದ ಮನೆಯವರು ಹೇಳಿದ ಮಾತು ನನ್ನಲ್ಲಿ ಉಳಿದಿದೆ. ಎರಡನೆಯದರಲ್ಲಿ ಎಲ್ಲವೂ ಇತ್ತು, ತಾವು ಮಾತ್ರ ಅದರಲ್ಲಿ ಇರಲಿಲ್ಲ ಎಂದು ಅವರು ಹೇಳಿದರು. ಇದಕ್ಕೆ ಜಾನಪದ ಶಾಸ್ತ್ರದಲ್ಲಿ ವಿವರಣೆಯಿದೆ. ಯುಗೊಸ್ಲಾವಿಯದ ಹಾಡುಗಾರರನ್ನು ಅಭ್ಯಸಿಸಿ 1960ರಲ್ಲಿ ‘ದಿ ಸಿಂಗರ್ ಆಫ್ ಟೇಲ್ಸ್’ ಬರೆದ ಆಲ್ಬರ್ಟ್ ಲಾರ್ಡ್, ಮೌಖಿಕ ಕಾವ್ಯ ಪ್ರತಿಬಾರಿಯೂ ಕೇಳುಗರೆದುರು ಹೊಸದಾಗಿ ಕಟ್ಟಲ್ಪಡುತ್ತದೆಂದೂ ಬರಹದ ಸ್ಥಿರಪಾಠ ಬಂದಾಗ ಆ ಕಲೆ ಕುಂದುತ್ತದೆಂದೂ ತೋರಿಸಿದರು. ಆಟದ ಲೋಕದಲ್ಲಿ ‘ಸೇವ್’ ಎಂಬುದು ಬರಹವಿದ್ದಂತೆ. ಯಂತ್ರ ನೆನಪಿಟ್ಟುಕೊಂಡ ದಿನ, ಹಿಂದೆ ನಿಂತವರ ನೆನಪಿನ ಅಗತ್ಯ ತೀರಿತು. ಕೂಡಿ ಆಡಲು ಎಲ್ಲರಿಗೂ ಒಂದೊಂದು ಕುರ್ಚಿ ಸಿಕ್ಕಿದ ದಿನ, ಒಂದು ಕುರ್ಚಿಯ ಸುತ್ತ ನೆರೆಯುವುದು ನಿಂತಿತು. ಹಾಗಾಗಿ ಈ ಹಳಹಳಿಕೆಯ ಗುರಿ ಆಟವಲ್ಲ ಎಂಬುದು ಪ್ರಸ್ತುತ ಲೇಖನದ ಮುಖ್ಯ ನಿಲುವು. ಆಟ ಉತ್ತಮಪುರುಷ ಏಕವಚನದ್ದು. ನೆನಪು ಉತ್ತಮಪುರುಷ ಬಹುವಚನದ್ದು. ಮುಂದಿನ ಭಾಗಗಳು ‘ನಾನು’ವನ್ನು ಮಾತ್ರ ಮರಳಿ ಕೊಡಬಲ್ಲವು. ‘ನಾವು’ ಬೇಕಾದವನಿಗೆ ಅವು ಎಷ್ಟು ಚೆನ್ನಾಗಿದ್ದರೂ ಸಾಲವು.

6. ಕಾವಲು ಮತ್ತು ಬೇಲಿ

ಈ ಹಳಹಳಿಕೆಗೆ ಸೀಮೆಯ ಚರಿತ್ರೆ ಇನ್ನೊಂದು ಪದರವನ್ನು ಸೇರಿಸಿದೆ. ಮೈಸೂರು ಅರಸರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯಾಗಿದ್ದು, ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂದು ಹೆಸರಾದ ರಾಸುಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳು ಚಳ್ಳಕೆರೆ ತಾಲ್ಲೂಕಿನಲ್ಲಿ ವಿಸ್ತಾರವಾಗಿ ಉಳಿದಿದ್ದವು. ಸುತ್ತಲಿನ ಹತ್ತಾರು ಹಳ್ಳಿಗಳ ದನ, ಕುರಿಗಳು ಅಲ್ಲಿಯೇ ಮೇಯುತ್ತಿದ್ದವು. 2009–10ರ ಸುಮಾರಿಗೆ ಈ ಕಾವಲಿನ ಸುಮಾರು 10,000 ಎಕರೆಯನ್ನು ವೈಜ್ಞಾನಿಕ ಹಾಗೂ ರಕ್ಷಣಾ ಸಂಸ್ಥೆಗಳಿಗೆ ನೀಡಲು ಸರ್ಕಾರ ಮುಂದಾಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ 1,500 ಎಕರೆ ದೊರೆಯಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ ವರವು ಕಾವಲಿನಲ್ಲಿ 4,000 ಎಕರೆಗೂ ಹೆಚ್ಚು ಭೂಮಿ ಹೋಯಿತು. ಗೋಡೆ, ಬೇಲಿಗಳೆದ್ದಾಗ ಹಳ್ಳಿಗರು ಪ್ರತಿಭಟಿಸಿದರು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೆ ಹೋಯಿತು. ಪೈಲಟ್ ಇಲ್ಲದ ವಿಮಾನಗಳ ಪರೀಕ್ಷಾ ಕೇಂದ್ರ 2017ರ ಮೇ 28ರಂದು ಉದ್ಘಾಟನೆಯಾಯಿತು. 2019ರ ಸೆಪ್ಟೆಂಬರ್ 17ರಂದು ಅಂತಹ ವಿಮಾನವೊಂದು ಪರೀಕ್ಷೆಯ ವೇಳೆ ಜೋಡಿಚಿಕ್ಕೇನಹಳ್ಳಿ ಬಳಿ ಹೊಲಕ್ಕೆ ಬಿದ್ದಾಗ ಸುತ್ತಲಿನ ಜನ ನೋಡಲು ಮುಗಿಬಿದ್ದರು.

ಬೋಳು ಬಯಲು, ಮುಳ್ಳುತಂತಿಯ ಬೇಲಿ, ಕಾವಲುಗೋಪುರ ಇವನ್ನು ಆ ಹುಡುಗರು ಮೊದಲು ನೋಡಿದ್ದು ಗಣಕದ ಪರದೆಯಲ್ಲಿ. ಹತ್ತು ವರ್ಷ ಕಳೆಯುವುದರೊಳಗೆ ತಾವು ಕುರಿ ಕಾಯ್ದ ಬಯಲಿಗೇ ಬೇಲಿ ಬಂದಿತು. ಹಟ್ಟಿಯಿಂದ ಬಂದು ಓದಿದ ಆ ಗೆಳೆಯ ನನ್ನನ್ನು ಗೋಡೆಯ ಪಕ್ಕದ ರಸ್ತೆಯಲ್ಲಿ ಕರೆದೊಯ್ದಾಗ ಇದನ್ನು ನಗುತ್ತಲೇ ತೋರಿಸಿದರು. ಆಟದಲ್ಲಿ ಬೇಲಿ ದಾಟುವುದನ್ನು ಗೆಲುವೆಂದುಕೊಂಡಿದ್ದೆವು, ಇಲ್ಲಿ ಬೇಲಿಯ ಹೊರಗೆ ನಿಂತು ಆಡುಗಳ ದಾರಿ ಹುಡುಕುತ್ತಿದ್ದೇವೆ ಎಂಬ ಅವರ ಮಾತಿನ ತಿರುಳಿನಲ್ಲಿ ನಗೆಯಿರಲಿಲ್ಲ. ಈ ಸಂಸ್ಥೆಗಳಿಂದ ನಾಡಿಗೆ ಆಗುವ ಪ್ರಯೋಜನವನ್ನು ಇಲ್ಲಿ ಅಳೆಯಹೊರಟಿಲ್ಲ. ಒಂದು ಆಟದ ನೆನಪಿನೊಳಗೆ ಒಂದು ಬಯಲಿನ ನೆನಪು ಸೇರಿಕೊಂಡಿರುವುದನ್ನು ದಾಖಲಿಸುವುದಷ್ಟೇ ಉದ್ದೇಶ. ಹಳೆಯ ಆಟವನ್ನು ನೆನೆಯುವಾಗ ಈ ಸೀಮೆಯವರು ನೆನೆಯುವ ಬಯಲು ನಾರ್ವೆಯವರು ಬರೆದ ಬಯಲು ಮಾತ್ರವಲ್ಲ.

7. ಕೆಲವು ಮಿತಿಗಳು

ಈ ನೆನಪನ್ನು ವೈಭವೀಕರಿಸಬೇಕಾಗಿಲ್ಲ. ಮೊದಲನೆಯದಾಗಿ, ಸೈಬರಿನ ‘ನಾವು’ ಎಂಬುದರಲ್ಲಿ ಹೆಣ್ಣುಮಕ್ಕಳಿರಲಿಲ್ಲ. ಬೇಟೆಯ ‘ನಾವು’ ಕೂಡ ಗಂಡಸರದೇ ಆಗಿತ್ತು. ಆದರೆ ಹಟ್ಟಿಯಲ್ಲಿ ಸಿರಿಯಜ್ಜಿಯಂತಹವರಿಗೆ ಹಾಡಿನ ಬೇರೊಂದು ಲೋಕವಿತ್ತು. ಪಟ್ಟಣದ ಆ ಅಂಗಡಿಯಲ್ಲಿ ಅಂತಹ ಪರ್ಯಾಯವೂ ಇರಲಿಲ್ಲ. ಎರಡನೆಯದಾಗಿ, ಕೊಲ್ಲುವುದನ್ನು ಆಟವಾಗಿಸುವ ಬಗೆಗಿನ ಆತಂಕವನ್ನು ಬದಿಗೆ ಸರಿಸುವಂತಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳು ತಂದೆತಾಯಿಗಳಿಗೆ ವಿಧೇಯರಾಗಿರಬೇಕೆಂಬುದರ ಜೊತೆಗೆ ಜೀವಿಗಳ ಬಗ್ಗೆ ದಯೆ ತೋರಬೇಕೆಂದೂ ಸಾರುತ್ತವೆ. ಬೇಟೆಗಾರರ ನಾಡಿನ ಬಂಡೆಯ ಮೇಲೆಯೇ ಆ ಮಾತನ್ನು ಕೆತ್ತಿಸಲಾಯಿತು. ಬೇಟೆಯೂ ದಯೆಯೂ ಈ ನೆಲದಲ್ಲಿ ಬಹುಕಾಲದಿಂದ ಎದುರುಬದುರಾಗಿ ನಿಂತಿವೆ. ಬೇಟೆಗೆ ನೇಮ, ನಿಷೇಧ, ಪಾಲಿನ ನ್ಯಾಯ ಎಂಬ ಕಟ್ಟಳೆಗಳಿದ್ದವು. ಆಟದಲ್ಲಿ ಅಂತಹ ಕಟ್ಟಳೆ ಯಂತ್ರದೊಳಗಿರಲಿಲ್ಲ. ಇದ್ದುದು ಸುತ್ತ ನಿಂತ ಗೆಳೆಯರ ನಡುವೆ: ಸತ್ತವನು ಕುರ್ಚಿ ಬಿಡಬೇಕು, ಚಿಕ್ಕವನಿಗೂ ಒಂದು ಸರದಿ ಸಿಗಬೇಕು.

ಆ ಸುತ್ತು ಕರಗಿದ ಬಗೆಯೂ ತಿಳಿದದ್ದೇ. 2011ರ ಸೈಬರ್ ಕೆಫೆ ನಿಯಮಗಳು ಗುರುತಿನ ಚೀಟಿ, ದಾಖಲೆ ಪುಸ್ತಕಗಳನ್ನು ಕಡ್ಡಾಯಗೊಳಿಸಿದವು. 2016ರ ನಂತರ ಅಗ್ಗದ ದತ್ತಾಂಶ ಸೇವೆ ಮೊಬೈಲಿಗೆ ಬಂದಿತು; ಅಂಗಡಿಗಳು ಮುಚ್ಚಿದವು ಇಲ್ಲವೆ ಅರ್ಜಿ ತುಂಬುವ ಕೇಂದ್ರಗಳಾದವು. 2018ರಲ್ಲಿ ಮೊಬೈಲಿಗೆ ಬಂದ ‘ಪಬ್‌ಜಿ’ ಹೊಸ ತಲೆಮಾರನ್ನು ಸೆಳೆಯಿತು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿದಾಗ ಹಟ್ಟಿಗಳಲ್ಲಿಯೂ ಹುಡುಗರು ಮಂಕಾದರು. ಅವರಿಗೂ ಮುಂದೊಂದು ದಿನ ಅವರದೇ ಹಳಹಳಿಕೆ ಇರುತ್ತದೆ. ಕಿವಿಗೆ ಹಾಕಿಕೊಂಡ ತಂತಿಯ ಆಚೆಗೆ ಅವರಿಗೂ ಒಂದು ‘ನಾವು’ ಇರಬಹುದು. ಅದನ್ನು ಕೇಳಿಸಿಕೊಳ್ಳದೆ ತೀರ್ಪು ಕೊಡುವುದು, 2004ರಲ್ಲಿ ನಾನು ಮಾಡಿದ ತಪ್ಪನ್ನು ಮತ್ತೆ ಮಾಡಿದಂತಾಗುತ್ತದೆ.

8. ಉಪಸಂಹಾರ

ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ವಿಡಿಯೋ ಆಟಗಳಲ್ಲಿ ಶೇಕಡ 87ರಷ್ಟು ಇಂದು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲವೆಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸುತ್ತದೆ. ಅಲ್ಲಿನವರು ಆಟಗಳನ್ನು ಉಳಿಸುವ ಚಿಂತೆಯಲ್ಲಿದ್ದಾರೆ. ಆ ಕೆಲಸ ಅವರು ಮಾಡಲಿ. ಚಳ್ಳಕೆರೆಯ ಒಂದು ಅಂಗಡಿಯಲ್ಲಿ ಆ ಆಟವನ್ನು ಆರು ಜನ ಸೇರಿ ಹೇಗೆ ಆಡಿದರು, ಯಾವ ಭಾಷೆಯಲ್ಲಿ ಕೂಗಿದರು, ಸರದಿಯನ್ನು ಹೇಗೆ ಹಂಚಿಕೊಂಡರು ಎಂಬುದು ಯಾವ ಸಿ.ಡಿ.ಯಲ್ಲಿಯೂ ಇಲ್ಲ, ಅದನ್ನು ಉಳಿಸಬೇಕಾದವರು ನಾವು. ನಮ್ಮ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಚಿನ್ನಿದಾಂಡು, ಬುಗುರಿ, ಗೋಲಿಗಳ ಬಗ್ಗೆ ಸಂಗ್ರಹಿಸಿದ ಶ್ರದ್ಧೆಯಲ್ಲಿಯೇ ಈ ಆಟಗಳ ಮೌಖಿಕ ಚರಿತ್ರೆಯನ್ನೂ ಸಂಗ್ರಹಿಸಬೇಕು. ವಕ್ತೃಗಳು ಇನ್ನೂ ನಡುವಯಸ್ಸಿನಲ್ಲಿದ್ದಾರೆ, ನೆನಪು ಮಾಸಿಲ್ಲ. ಜನಪದ ಗಾಯಕರ ವಿಷಯದಲ್ಲಿ ಇಂತಹ ಅನುಕೂಲ ನಮಗೆ ಅಪರೂಪವಾಗಿ ಸಿಕ್ಕಿತ್ತು.

ಕಳೆದ ಬಾರಿ ಚಳ್ಳಕೆರೆಗೆ ಹೋದಾಗ ಆ ಮೂವರನ್ನು ಒಂದೆಡೆ ಸೇರಿಸಿ, ಹಳೆಯ ಆಟವನ್ನು ಮಡಿಲಗಣಕದಲ್ಲಿ ಹಾಕಿಕೊಟ್ಟೆ. ಬಹಳ ವರ್ಷಗಳ ಮೇಲೆ ಮುಟ್ಟಿದ್ದರಿಂದ ಕುಳಿತವರ ಕೈ ತಡವರಿಸಿತು. ಮೊದಲ ಗೋಪುರದ ಬಳಿಯೇ ಸತ್ತರು. ಹಿಂದೆ ನಿಂತಿದ್ದ ಇಬ್ಬರೂ ಒಟ್ಟಿಗೆ, ಎಡಕ್ಕೆ ಬಾಗಬೇಕಿತ್ತೆಂದು ಕೂಗಿದರು. ಈ ಬಾರಿ ಧ್ವನಿಮುದ್ರಣ ಯಂತ್ರ ನಡೆಯುತ್ತಿತ್ತು. ಸದ್ದು ಕಡಿಮೆ ಮಾಡಿ ಎಂದು ನಾನು ಹೇಳಲಿಲ್ಲ.